ಅವ್ವನ ಅಲೆಕ್ಸಾಂಡ್ರಿಯಾ

ಆಗ ಊರಿಗೆ ಫೋನ್ ಮಾಡಬೇಕಾದರೆ ಇಂಡಿಯನ್ ಅಂಗಡಿಯಲ್ಲಿ ಕಾಲಿಂಗ್ ಕಾರ್ಡ್ ಕೊಳ್ಳಬೇಕಿತ್ತು. ಅದರ ಬೆನ್ನನ್ನು ನಾಣ್ಯದಿಂದ ಕೆರೆದು, ಮಾರುದ್ದದ ನಂಬರು ಒತ್ತಿ, ಗದಗದ ಆ ತುದಿಯಲ್ಲಿ ಯಾರಾದರೂ ಫೋನ್ ಎತ್ತಲಿ ಎಂದು ಉಸಿರು ಬಿಗಿಹಿಡಿದು ಕೂರುತ್ತಿದ್ದೆವು. ವಿಮಾನದಲ್ಲಿ ಬರುವ ನೆಂಟರನ್ನು ಅವರು ಇಳಿಯುವ ಬಾಗಿಲಿನ ತನಕ ಹೋಗಿ ಕಾಯುವ ಕಾಲ ಮಾತ್ರ ಅಷ್ಟರಲ್ಲಿ ಮುಗಿದುಹೋಗಿತ್ತು. ನ್ಯೂಯಾರ್ಕಿನ ಎರಡು ಗೋಪುರಗಳು ಬಿದ್ದ ಮರುವರ್ಷದ ಬೇಸಿಗೆ ಅದು. ನನಗೆ ಹತ್ತು ವರ್ಷ.

ನಮ್ಮ ಸಂಸಾರ ಎರಡು ಊರಲ್ಲಿ ನಡೆಯುತ್ತಿತ್ತು. ಅಪ್ಪ ಟೆಕ್ಸಸ್‌ನ ಡಾಲಸ್ ಪಕ್ಕದ ಇರ್ವಿಂಗ್‌ನ ಅಪಾರ್ಟ್‌ಮೆಂಟಿನಲ್ಲಿದ್ದು ಲಾಸ್ ಕೊಲಿನಾಸ್‌ನ ಆಫೀಸಿಗೆ ಹೋಗುತ್ತಿದ್ದ. ಅವ್ವ ಆಸ್ಟಿನ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ನಾನು ಅವ್ವನ ಜೊತೆ, ಸಂಸಾರಸ್ಥ ವಿದ್ಯಾರ್ಥಿಗಳಿಗೆಂದು ಕಟ್ಟಿದ್ದ ತಗ್ಗು ಚಾವಣಿಯ ಮನೆಯಲ್ಲಿ. ಶುಕ್ರವಾರ ಶಾಲೆ ಬಿಟ್ಟೊಡನೆ ಅವ್ವ ನನ್ನನ್ನು ಕಾರಿಗೆ ಹಾಕಿಕೊಂಡು ಡಾಲಸ್ ಕಡೆ ಡ್ರೈವ್ ಮಾಡುತ್ತಿದ್ದಳು. ಕಾರಿನ ತುಂಬ ಹುರಿದ ಶೇಂಗಾದ ವಾಸನೆ, ಪಕ್ಕದಲ್ಲಿ ಭೋರೆನ್ನುವ ಲಾರಿಗಳು.

ನಾವು ನದಾಫರು, ಮುಸ್ಲಿಮರು. ಅಜ್ಜ ಗದಗದ ಹತ್ತಿರದ ಹಳ್ಳಿಯಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದವನು. ನಮ್ಮ ಮನೆಯಲ್ಲಿ ಆಡುವ ಮಾತು, ಬೈಯುವ ಮಾತು, ಅಳುವ ಮಾತು ಎಲ್ಲವೂ ಕನ್ನಡವೇ. ಇದು ಟೆಕ್ಸಸ್‌ನಲ್ಲಿ ಯಾರಿಗೂ ಸಲೀಸಾಗಿ ಅರ್ಥವಾಗುತ್ತಿರಲಿಲ್ಲ. ಇರ್ವಿಂಗ್‌ನಲ್ಲಿ ಅಪ್ಪನ ಎದುರು ಮನೆಯವರು ಮೈಸೂರಿನ ಶಾರದಾ ಆಂಟಿ. ಮೊದಲ ಸಲ ಭೇಟಿಯಾದಾಗ ಅವರು ಅವ್ವನ ಹೆಸರು ಕೇಳಿ, ಆಮೇಲೆ ಅವ್ವನ ಮಾತು ಕೇಳಿ, ಕಣ್ಣರಳಿಸಿದ್ದರು.

"ಅಯ್ಯೋ ರೋಶನ್, ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಿ ನೀವು."

"ನೀವೂ ಚೊಲೋ ಮಾತಾಡ್ತೀರಿ," ಅಂದಿದ್ದಳು ಅವ್ವ.

ಶಾರದಾ ಆಂಟಿ ಜೋರಾಗಿ ನಕ್ಕರು. ಅಂದಿನಿಂದ ಅವರಿಬ್ಬರೂ ಗೆಳತಿಯರು. ನಾನು ಮಾತ್ರ ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುವ ಜಾತಿ. ಅವ್ವ "ಉಂಡಿಯೇನು?" ಅಂದರೆ ನಾನು "ಯಾ" ಅನ್ನುತ್ತಿದ್ದೆ.

ಅವ್ವ ಓದುತ್ತಿದ್ದದ್ದು ಹಳೆಯ ಕಟ್ಟಡಗಳ ಕಲ್ಲನ್ನು. ಸಮುದ್ರದ ಉಪ್ಪು ಗಾಳಿಯಲ್ಲಿ ಬಂದು ಕಲ್ಲಿನೊಳಗೆ ಇಳಿಯುತ್ತದೆ, ಅಲ್ಲಿ ಹರಳುಗಟ್ಟಿ ಉಬ್ಬುತ್ತದೆ, ಕಲ್ಲು ಪದರುಪದರಾಗಿ ಉದುರುತ್ತದೆ. ಅದು ಎಷ್ಟು, ಹೇಗೆ, ತಡೆಯುವ ದಾರಿ ಯಾವುದು ಎಂಬುದು ಅವಳ ಪ್ರಬಂಧ. ಅದಕ್ಕಾಗಿ ಅವಳು ಆರಿಸಿಕೊಂಡಿದ್ದದ್ದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಂದರಿನ ಬಾಯಲ್ಲಿರುವ ಕೋಟೆ. ಅದೇ ಜಾಗದಲ್ಲಿ ಹಿಂದೆ ಜಗತ್ತಿಗೇ ಹೆಸರಾದ ದೀಪಸ್ತಂಭ ಇತ್ತಂತೆ. ಭೂಕಂಪಗಳಿಗೆ ಅದು ಬಿದ್ದ ಮೇಲೆ ಅದರ ಕಲ್ಲುಗಳನ್ನೂ ಕೋಟೆ ಕಟ್ಟುವಾಗ ಬಳಸಿದರಂತೆ. ಆ ಬೇಸಿಗೆ ಅಲ್ಲಿಗೆ ಹೋಗಲು ಎರಡು ವರ್ಷ ಮೊದಲೇ ಅವಳು ಎಲ್ಲ ತಯಾರಿ ಮಾಡಿಕೊಂಡಿದ್ದಳು.

ಗೋಪುರಗಳು ಬಿದ್ದವು. ಹೋಗಬೇಡ ಎಂದು ಎಲ್ಲರೂ ಹೇಳತೊಡಗಿದರು. ಅವಳ ಗೈಡು, ಬೇರೆ ಬಂದರು ನೋಡಬಹುದಲ್ಲ, ಇಟಲಿಯಲ್ಲೂ ಸಮುದ್ರವಿದೆ ಅಂದರು. ಶಾರದಾ ಆಂಟಿ ಚಪಾತಿ ಲಟ್ಟಿಸುತ್ತಿದ್ದ ಅವ್ವನ ಪಕ್ಕ ನಿಂತು, ಹೋಗುವಾಗ ಏನೂ ಆಗುವುದಿಲ್ಲ, ವಾಪಸ್ ಬರುವಾಗ ಒಳಗೆ ಬಿಡದಿದ್ದರೆ ಮಗುವಿನ ಗತಿ ಏನು ಎಂದು ಕೇಳಿದರು. ಅವರ ಮಾತಿನಲ್ಲಿ ಪ್ರೀತಿಯೇ ಇತ್ತು. ನನಗೂ ಹೋಗುವ ಮನಸ್ಸಿರಲಿಲ್ಲ. ಗೆಳತಿಯರೆಲ್ಲ ಈಜಿನ ಕ್ಯಾಂಪಿಗೆ ಸೇರುತ್ತಿದ್ದರು.

ಕೊನೆಯದಾಗಿ ಅಪ್ಪ ಹೇಳಿದ. ಊಟವಾದ ಮೇಲೆ, ತಟ್ಟೆಯಲ್ಲಿ ಬೆರಳಾಡಿಸುತ್ತಾ.

"ಈ ವರ್ಷ ಬ್ಯಾಡ ರೋಶನ್. ವೀಸಾದ ಮ್ಯಾಲೆ ಇರೋರು ನಾವು."

"ಹೋಗಬಾರದು ಅಂತ ಯಾರರ ಹೇಳ್ಯಾರೇನ್ರಿ?"

"ಯಾರೂ ಹೇಳಿಲ್ಲ. ಅದಕ್ಕ ಹೆದರಿಕಿ ಜಾಸ್ತಿ."

"ಯಾರೂ ಹೇಳದನ ನಾನು ಮನ್ಯಾಗ ಕುಂತ್ರ, ಅವರಿಗೆ ಹೇಳೋ ತ್ರಾಸೂ ಉಳೀತದ. ನಾ ಹೋಗ್ತೀನಿ. ಶಾಹೀನನ್ನೂ ಕರಕೊಂಡು ಹೋಗ್ತೀನಿ."

ಹೊರಡುವ ದಿನ ಅಪ್ಪ ನಮ್ಮ ಕಾಗದಪತ್ರಗಳ ಜೆರಾಕ್ಸ್ ಪ್ರತಿಗಳನ್ನು ಅವ್ವನ ಚೀಲದಲ್ಲೊಂದು ಕಂತೆ, ನನ್ನ ಚೀಲದಲ್ಲೊಂದು ಕಂತೆ ಇಟ್ಟು ಕಳಿಸಿದ.

ಅಲೆಕ್ಸಾಂಡ್ರಿಯಾಕ್ಕೆ ಇಳಿದ ಮೊದಲ ಗಂಟೆಯಲ್ಲೇ ಈಜಿನ ಕ್ಯಾಂಪು ನನ್ನ ತಲೆಯಿಂದ ಹೋಯಿತು. ಬಿಲ್ಲಿನ ಹಾಗೆ ಬಾಗಿದ ದಂಡೆ, ದಂಡೆಯುದ್ದಕ್ಕೂ ಮೋಟು ಗೋಡೆ, ಗೋಡೆಯ ಮೇಲೆ ಇಡೀ ಊರೇ ಕುಳಿತ ಹಾಗೆ ಜನ. ಗಂಡಂದಿರು, ಹೆಂಡಂದಿರು, ಸೂರ್ಯಕಾಂತಿ ಬೀಜ ಒಡೆಯುವ ಮುದುಕರು, ಗೋಡೆಯಿಂದ ನೀರಿಗೆ ಧುಮುಕುವ ಹುಡುಗರು. ಕೆಂಡದ ಮೇಲೆ ಸುಡುತ್ತಿದ್ದ ಮೆಕ್ಕೆಜೋಳದ ಹೊಗೆ, ಮೀನಿನ ವಾಸನೆ, ಹಳೆಯ ಟ್ರಾಮಿನ ಕಬ್ಬಿಣದ ವಾಸನೆ. ಟೆಕ್ಸಸ್‌ನಲ್ಲಿ ನಾನು ನೋಡಿದ್ದ ಊರುಗಳಲ್ಲಿ ಜನ ಕಾರಿನೊಳಗೆ ಇರುತ್ತಿದ್ದರು. ಇಲ್ಲಿ ಎಲ್ಲರೂ ಹೊರಗೆ ಇದ್ದರು.

ನಾವು ಉಳಿದದ್ದು ಸಮುದ್ರಕ್ಕೆ ಮುಖಮಾಡಿದ ಹಳೆಯ ಕಟ್ಟಡದ ಮೇಲಿನ ಅಂತಸ್ತಿನಲ್ಲಿ, ತಾಂತ್ ನಾದಿಯಾ ಎಂಬ ವಿಧವೆಯ ಮನೆಯ ಒಂದು ಕೋಣೆಯಲ್ಲಿ. ಅಲ್ಲಿ ಆಂಟಿಗೆ ತಾಂತ್ ಅನ್ನುತ್ತಾರೆ. ದಪ್ಪ ಮೈ, ಕೆಂಪು ಬಣ್ಣ ಹಚ್ಚಿದ ಕೂದಲು, ಕೈಯಲ್ಲಿ ಯಾವಾಗಲೂ ಬೀಸಣಿಗೆ. ಹರಕು ಇಂಗ್ಲಿಷು ಬರುತ್ತಿತ್ತು. ಇಡೀ ರಾತ್ರಿ ಬೇಯಿಸಿದ ಕಾಳಿಗೆ ಬೆಳಿಗ್ಗೆ ಜೀರಿಗೆ, ನಿಂಬೆ, ಎಣ್ಣೆ ಹಾಕಿ ಕಿವುಚಿ, ಉಬ್ಬಿದ ರೊಟ್ಟಿಯ ಜೊತೆ ಕೊಡುತ್ತಿದ್ದಳು. ಅವ್ವ ಅದಕ್ಕೆ ಚೀಲದಿಂದ ಕೆಂಪು ಚಟ್ನಿಪುಡಿ ತೆಗೆದು ಉದುರಿಸಿದಾಗ ತಾಂತ್ ನಾದಿಯಾ ಬೆರಳದ್ದಿ ನೆಕ್ಕಿ, ಕೆಮ್ಮಿ, ಕಣ್ಣೊರೆಸಿಕೊಂಡು, ಇನ್ನೊಮ್ಮೆ ನೆಕ್ಕಿದಳು.

ನಮ್ಮ ಹೆಸರು ಕೇಳಿದ ದಿನ ಅವಳು ಸಂತೋಷದಿಂದ ಅರಬ್ಬಿಯಲ್ಲಿ ಶುರುಮಾಡಿಬಿಟ್ಟಳು. ಅವ್ವ ಬರುವುದಿಲ್ಲ ಅಂದಾಗ ಅವಳ ಮುಖ ಇಳಿಯಿತು. ಮುಸ್ಲಿಮಳಾಗಿ ಅರಬ್ಬಿ ಬಾರದೆ ಅದು ಹೇಗೆ ಬದುಕುತ್ತೀಯ ಎಂದು ಕೇಳಿದಳು. ನಮಾಜಿನಷ್ಟು ಅರಬ್ಬಿ ಬರುತ್ತದೆ, ಬದುಕುವುದು ಕನ್ನಡದಲ್ಲಿ ಅಂದಳು ಅವ್ವ. ತನ್ನ ತಾಯಿ ಜೀವಮಾನವಿಡೀ ಕನ್ನಡದಲ್ಲೇ ದುವಾ ಕೇಳಿದ್ದಾಳೆ, ಇಲ್ಲಿಯತನಕ ತಿಳಿಯಲಿಲ್ಲ ಅಂತ ಮೇಲಿನಿಂದ ಯಾರೂ ವಾಪಸ್ ಕಳಿಸಿಲ್ಲ ಎಂದೂ ಸೇರಿಸಿದಳು. ತಾಂತ್ ನಾದಿಯಾ ಬೀಸಣಿಗೆ ನಿಲ್ಲಿಸಿ ಅವ್ವನನ್ನು ನೋಡಿದಳು. ಒಪ್ಪಿದಳೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಮರುದಿನದಿಂದ ಊಟಕ್ಕೆ ಕೂರುವಾಗ ಅನ್ನಕ್ಕೆ, ನೀರಿಗೆ ಕನ್ನಡದಲ್ಲಿ ಏನನ್ನುತ್ತಾರೆ ಎಂದು ಕೇಳತೊಡಗಿದಳು. "ನೀರು" ಅನ್ನುವುದನ್ನು "ನೀರೂ" ಎಂದು ಹಾಡಿನಂತೆ ಎಳೆಯುತ್ತಿದ್ದಳು.

ಕೋಟೆಯ ಕೆಲಸ ಸುಲಭವಾಗಿ ಶುರುವಾಗಲಿಲ್ಲ. ಅನುಮತಿ ಪತ್ರ ಇತ್ತು. ಆದರೆ ಅದಕ್ಕೆ ಸಹಿ ಮಾಡಿದ್ದ ಅಧಿಕಾರಿ ವರ್ಗವಾಗಿ ಹೋಗಿದ್ದ. ಹೊಸಬ ಅಮೆರಿಕದ ವಿಶ್ವವಿದ್ಯಾಲಯದ ಹೆಸರು ಓದಿ, ಅಮೆರಿಕದವರಿಗೆ ನಮ್ಮ ಕಲ್ಲು ಯಾಕೆ ಬೇಕು ಎಂದು ಕೇಳಿದನಂತೆ. ಟೆಕ್ಸಸ್‌ನಲ್ಲಿ ನಮ್ಮನ್ನು ಅರಬರು ಅಂದುಕೊಂಡು ಅನುಮಾನ. ಈಜಿಪ್ಟಿನಲ್ಲಿ ಟೆಕ್ಸಸ್‌ನವರು ಅಂದುಕೊಂಡು ಅನುಮಾನ. ಅವ್ವ ಜಗಳವಾಡಲಿಲ್ಲ. ದಿನಾ ಬೆಳಿಗ್ಗೆ ಕೋಟೆಯ ಬಾಗಿಲ ಮೆಟ್ಟಿಲ ಮೇಲೆ ನನ್ನನ್ನು ಕೂರಿಸಿಕೊಂಡು ಕೂರುತ್ತಿದ್ದಳು. ಗಾಡಿಯವನೊಬ್ಬ ಪಾಪಾಸುಕಳ್ಳಿ ಹಣ್ಣು ಮಾರುತ್ತಿದ್ದ. ಮುಳ್ಳು ತೆಗೆದು ಸಿಪ್ಪೆ ಸೀಳಿ ಐಸಿನ ಮೇಲಿಟ್ಟು ಕೊಡುತ್ತಿದ್ದ. ಅವ್ವ ಚಿಕ್ಕವಳಿದ್ದಾಗ ಹೊಲದ ಬದುವಿನಲ್ಲಿ ಅದನ್ನು ಕಿತ್ತು ತಿಂದು ನಾಲಿಗೆ ಕೆಂಪು ಮಾಡಿಕೊಳ್ಳುತ್ತಿದ್ದಳಂತೆ. ಆಸ್ಟಿನ್‌ನಲ್ಲಿ ನಮ್ಮ ಮನೆಯ ಹಿಂದೆಯೇ ಆ ಕಳ್ಳಿ ಬೆಳೆದಿತ್ತು. ತಿನ್ನಬಹುದೆಂದು ನನಗೆ ಯಾರೂ ಹೇಳಿರಲಿಲ್ಲ.

ಕೊನೆಗೊಂದು ದಿನ ಆ ಅಧಿಕಾರಿಯೇ ಹೊರಬಂದು, ಈ ಮಗುವನ್ನು ಬಿಸಿಲಲ್ಲಿ ಇನ್ನೆಷ್ಟು ದಿನ ಕೂರಿಸುತ್ತೀಯ ಎಂದು ಕೇಳಿದ. ನೀವು ಬಾಗಿಲು ತೆರೆಯುವ ತನಕ ಅಂದಳು ಅವ್ವ. ಅವನು ತಲೆಯಾಡಿಸಿ ಒಳಗೆ ಬಿಟ್ಟ.

ಆಮೇಲಿನ ದಿನಗಳು ನನ್ನ ಬಾಲ್ಯದ ಅತಿ ಒಳ್ಳೆಯ ದಿನಗಳು. ನಾನು ಅಳತೆಯ ಟೇಪಿನ ತುದಿ ಹಿಡಿಯುತ್ತಿದ್ದೆ. ಅವ್ವ ಸಣ್ಣ ಬ್ರಶ್ಶಿನಿಂದ ಕಲ್ಲಿನ ಪುಡಿಯನ್ನು ಪ್ಲಾಸ್ಟಿಕ್ ಪೊಟ್ಟಣಕ್ಕೆ ಇಳಿಸುತ್ತಿದ್ದಳು. ಕಲ್ಲಿನ ಮೇಲೆ ನಾಲಿಗೆ ತಾಗಿಸಿ ನೋಡು ಅಂದಳೊಮ್ಮೆ. ತಾಗಿಸಿದೆ. ಉಪ್ಪು ಚುರ್ ಅಂದಿತು. ಐನೂರು ವರ್ಷದ ಕೋಟೆಯ ರುಚಿ ನೋಡಿದವಳು ನಿಮ್ಮ ಶಾಲೆಯಲ್ಲಿ ನೀನೊಬ್ಬಳೇ ಎಂದು ಅವ್ವ ನಕ್ಕಳು. ಸಂಜೆ ತಾಂತ್ ನಾದಿಯಾಳ ಮೊಮ್ಮಗಳು ಮರ್ವಾಳ ಜೊತೆ ಗೋಡೆಯ ಮೇಲೆ ಐದು ಕಲ್ಲಿನ ಆಟ ಆಡುತ್ತಿದ್ದೆ. ಅವಳ ಮಾತು ನನಗೆ ಬಾರದು, ನನ್ನದು ಅವಳಿಗೆ ಬಾರದು. ಮೋಸ ಮಾಡಿದರೆ ಮಾತ್ರ ಇಬ್ಬರಿಗೂ ಪೂರ್ತಿ ತಿಳಿಯುತ್ತಿತ್ತು.

ನಡುವೆ ಅಪ್ಪನ ಫೋನ್ ಬಂತು. ಪರಿಚಯದವರೊಬ್ಬರನ್ನು ವಿಮಾನ ನಿಲ್ದಾಣದಲ್ಲಿ ಇಡೀ ದಿನ ಕೂರಿಸಿದರಂತೆ, ಬೇಗ ಹೊರಟು ಬಾ ಅಂದ. ಬೇಗ ಬಂದರೆ ಕಡಿಮೆ ಹೊತ್ತು ಕೂರಿಸುತ್ತಾರೇನು ಎಂದು ಕೇಳಿ ಅವ್ವ ಫೋನಿಟ್ಟಳು. ಆದರೆ ಅಂದು ಸಂಜೆ ಗೋಡೆಯ ಮೇಲೆ ಕುಳಿತಾಗ ಅವಳು ಮೆಕ್ಕೆಜೋಳ ತಿನ್ನಲಿಲ್ಲ. ತೆನೆಯನ್ನು ಕೈಯಲ್ಲಿ ಹಿಡಿದು ನೀರನ್ನೇ ನೋಡುತ್ತಿದ್ದಳು. ನಾನು "ಆರ್ ಯು ಸ್ಕೇರ್ಡ್?" ಅಂದೆ.

"ಹೂಂ," ಅಂದಳು. "ಹೆದರಿಕಿ ಆದ್ರ ಆಗಲಿ. ಕೆಲಸ ಮುಗಿಸೇ ಹೋಗೋಣು."

ಮರಳಿ ಬಂದಾಗ ನಾವು ಇಳಿದದ್ದು ಯಾವ ವಿಮಾನ ನಿಲ್ದಾಣದಲ್ಲಿ ಎಂದು ಬರೆಯುವುದಿಲ್ಲ. ಆ ದಿನಗಳಲ್ಲಿ ಎಲ್ಲವೂ ಒಂದೇ ಆಗಿದ್ದವು. ಪಾಸ್‌ಪೋರ್ಟ್ ನೋಡಿದವನು ಅವ್ವನ ಹೆಸರು ಓದಿ, ಎಲ್ಲಿಂದ ಬಂದಿರಿ ಎಂದು ಕೇಳಿ, ನಮ್ಮಿಬ್ಬರನ್ನೂ ಒಳಗಿನ ಕೋಣೆಗೆ ಕಳಿಸಿದ. ಕಿಟಕಿಯಿಲ್ಲದ ಕೋಣೆ, ಸಾಲು ಕುರ್ಚಿಗಳು, ತಣ್ಣನೆಯ ಎಸಿ. ಅಲ್ಲಿ ಕುಳಿತಿದ್ದವರೆಲ್ಲ ನೋಡಲು ನಮ್ಮ ಹಾಗೇ ಇದ್ದರು. ಯಾರೂ ಮಾತಾಡುತ್ತಿರಲಿಲ್ಲ.

ಅವ್ವ ನನಗೆ ನೀರು ಕುಡಿ, ಹೆದರಬೇಡ, ಬರೀ ಪ್ರಶ್ನೆ ಕೇಳುತ್ತಾರೆ ಅಂದಳು. ಮೇಜಿನ ಹಿಂದಿದ್ದ ಅಧಿಕಾರಿ ತಲೆಯೆತ್ತಿ, ಇಂಗ್ಲಿಷಿನಲ್ಲಿ ಮಾತ್ರ ಮಾತಾಡಬೇಕು ಅಂದ. ಗಡುಸು ದನಿಯೇನಲ್ಲ. ಬಾಗಿಲು ಹಾಕಿಕೊಳ್ಳಿ ಅನ್ನುವ ಹಾಗೆ ಹೇಳಿದ. ಅವ್ವ ಇಂಗ್ಲಿಷಿನಲ್ಲೇ ಉತ್ತರಿಸಿದಳು. ನಿಮ್ಮ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತೇನೆ, ನನ್ನ ಮಗಳ ಜೊತೆ ಅವಳ ಭಾಷೆಯಲ್ಲಿ ಮಾತಾಡುತ್ತೇನೆ, ಏನು ಹೇಳಿದೆ ಎಂದು ಕೇಳಿದರೆ ಅನುವಾದಿಸುತ್ತೇನೆ ಅಂದಳು. 

ಅರಬ್ಬಿಯೇ ಎಂದು ಕೇಳಿದ. ಕನ್ನಡ ಅಂದಳು. ಕೆನಡಾದಲ್ಲಿ ಯಾವಾಗ ಇದ್ದಿರಿ ಎಂದು ಕೇಳಿದ. ಯಾವತ್ತೂ ಇರಲಿಲ್ಲ ಅಂದಳು. ಹಾಗಾದರೆ ಕೆನಡಾ ಅಂತ ಯಾಕೆ ಹೇಳಿದಿರಿ ಅಂದ. ಇದು ಎರಡು ಮೂರು ಸಲ ಸುತ್ತಿತು. ಕೊನೆಗೆ ಅವನು ಒಳಗಿನಿಂದ ಅರಬ್ಬಿ ದುಭಾಷಿಯೊಬ್ಬನನ್ನು ಕರೆಸಿದ. ಟೈ ಸಡಿಲಿಸಿಕೊಂಡಿದ್ದ ವಯಸ್ಸಾದ ಮನುಷ್ಯ. ಅವನು ಅರಬ್ಬಿಯಲ್ಲಿ ಏನೋ ಕೇಳಿದ. ಅವ್ವ ತಾಂತ್ ನಾದಿಯಾ ಕಲಿಸಿದ್ದ ರೊಟ್ಟಿ, ಉಪಕಾರ, ಸಾಕು ಎಂಬ ಮೂರು ಮಾತು ಹೇಳಿದಳು. ಅವನ ಮೀಸೆ ಅಲುಗಿತು. ಇವಳಿಗೆ ಅರಬ್ಬಿ ಬರುವುದಿಲ್ಲ ಅಂದ. ಅಧಿಕಾರಿಗೆ ನಂಬಿಕೆಯಾಗಲಿಲ್ಲ. ತಾಯಿ ಮಗಳಿಬ್ಬರೂ ಮಾತಾಡಲಿ, ನೀನು ಕೇಳು ಎಂದು ದುಭಾಷಿಗೆ ಹೇಳಿದ.

"ಏನರ ಮಾತಾಡು ಶಾಹೀನ," ಅಂದಳು ಅವ್ವ. "ಕನ್ನಡದಾಗ."

ನನ್ನ ಕನ್ನಡವೆಲ್ಲ ಕಿವಿಯಲ್ಲಿತ್ತು. ಇಡೀ ಕೋಣೆ ನನ್ನನ್ನೇ ನೋಡುತ್ತಿತ್ತು.

"ಹದಿಮೂರರ ಮಗ್ಗಿ ಹೇಳು."

ಡಾಲಸ್ ದಾರಿಯಲ್ಲಿ ನಿದ್ದೆ ಬಾರದಿರಲೆಂದು ಅವಳು ನನ್ನಿಂದ ಮಗ್ಗಿ ಹೇಳಿಸುತ್ತಿದ್ದಳು. ನಾನು ಬೇಸರದಿಂದ ಗೊಣಗುತ್ತಿದ್ದೆ. ಆ ಕೋಣೆಯಲ್ಲಿ ಎದ್ದು ನಿಂತೆ. ಯಾಕೆ ನಿಂತೆನೋ, ಶಾಲೆಯಲ್ಲಿ ನಿಲ್ಲುವ ಹಾಗೆ ನಿಂತುಬಿಟ್ಟೆ. "ಹದಿಮೂರೊಂದ್ಲೆ ಹದಿಮೂರು. ಹದಿಮೂರೆರಡ್ಲೆ ಇಪ್ಪತ್ತಾರು." ಮೊದಲು ದನಿ ಒಡೆಯಿತು. ನಾಲ್ಕರ ಹೊತ್ತಿಗೆ ಗಟ್ಟಿಯಾಯಿತು. ಏಳರಲ್ಲಿ ಸಿಕ್ಕಿಕೊಂಡೆ. ಅವ್ವನ ಕಡೆ ನೋಡಿದೆ. ಅವಳು ಹೇಳಿಕೊಡಲಿಲ್ಲ, ಕಾದಳು. ಎದುರು ಕುಳಿತಿದ್ದ ಬಿಳಿಗಡ್ಡದ ಮುದುಕನೊಬ್ಬ ನನಗೆ ತಲೆಯಾಡಿಸಿದ. "ತೊಂಬತ್ತೊಂದು" ಅಂದೆ. ಆಮೇಲೆ ನಿಲ್ಲಲಿಲ್ಲ. ನೂರಾಮೂವತ್ತಕ್ಕೆ ಬಂದಾಗ ನನ್ನ ದನಿ ಕಾರಿಡಾರಿನ ತನಕ ಕೇಳುತ್ತಿತ್ತಂತೆ.

ಏನದು ಎಂದು ಅಧಿಕಾರಿ ಕೇಳಿದ. ಗುಣಾಕಾರ, ಬೇಕಾದರೆ ಸರಿಯಿದೆಯೇ ನೋಡಿಕೊಳ್ಳಿ ಅಂದಳು ಅವ್ವ.

ಬಿಟ್ಟರು. ಇನ್ನೂ ಬಹಳ ಹೊತ್ತು ಕೂರಿಸಿ, ಗೈಡಿಗೆ ಫೋನ್ ಮಾಡಿ, ಆಮೇಲೆ ಬಿಟ್ಟರು. ಆದರೆ ಕಲ್ಲಿನ ಪುಡಿಯ ಪೊಟ್ಟಣಗಳನ್ನೆಲ್ಲ ತೆಗೆದಿಟ್ಟುಕೊಂಡರು. ಪರೀಕ್ಷೆ ಮಾಡಿ ಕಳಿಸುತ್ತೇವೆ ಅಂದರು. ಪ್ರತಿ ಪೊಟ್ಟಣವನ್ನೂ ಬರೆದು ರಸೀದಿ ಕೊಡಿ ಎಂದು ಅವ್ವ ಅಲ್ಲೇ ನಿಂತಳು. ಹೊರಡಬಹುದು ಅಂದರೂ ಕದಲಲಿಲ್ಲ. ಕೊನೆಗೆ ಯಾರೋ ಬರೆದುಕೊಟ್ಟರು.

ಹೊರಗೆ ಅಪ್ಪ ಬೆಳಗಿನಿಂದ ನಿಂತಿದ್ದ. ಗಡ್ಡ ಬೋಳಿಸಿ, ಆಫೀಸಿನ ಅಂಗಿ ಹಾಕಿಕೊಂಡು ಬಂದಿದ್ದ. ನನ್ನನ್ನು ಎತ್ತಿಕೊಂಡ. ಹತ್ತು ವರ್ಷದವಳನ್ನು ಎತ್ತಿಕೊಳ್ಳುವ ಹಾಗಿರಲಿಲ್ಲ, ಆದರೂ ಎತ್ತಿಕೊಂಡ. ಆಮೇಲೆ ಅವ್ವನ ಮುಖ ನೋಡಿದ.

"ಇಷ್ಟೆಲ್ಲಾ ಬೇಕಾಗಿತ್ತೇನು ರೋಶನ್?"

"ಬೇಕಾಗಿತ್ರಿ."

ಅಷ್ಟೇ. ಕಾರಿನಲ್ಲಿ ಅವಳು ಅತ್ತಳು. ಅಪ್ಪ ಒಂದು ಕೈಯಲ್ಲಿ ಡ್ರೈವ್ ಮಾಡುತ್ತಾ ಇನ್ನೊಂದು ಕೈಯಲ್ಲಿ ಅವಳ ಕೈ ಹಿಡಿದಿದ್ದ. ಶಾರದಾ ಆಂಟಿ ಕಟ್ಟಿಕೊಟ್ಟಿದ್ದ ಬಿಸಿಬೇಳೆಬಾತನ್ನು ನಾನು ಹಿಂದಿನ ಸೀಟಿನಲ್ಲಿ ಒಬ್ಬಳೇ ಪೂರ್ತಿ ತಿಂದೆ.

ಪೊಟ್ಟಣಗಳು ಮರಳಿ ಬರಲಿಲ್ಲ. ವಿಷಯ ಬದಲಿಸು ಎಂದು ಗೈಡು ಹೇಳಿದರು. ಅವ್ವ ಬದಲಿಸಲಿಲ್ಲ. ತೆಗೆದ ಫೋಟೋಗಳು, ಬರೆದ ಅಳತೆಗಳು, ಆಸ್ಟಿನ್‌ನ ಲ್ಯಾಬಿನಲ್ಲಿ ಅದೇ ಜಾತಿಯ ಸುಣ್ಣದಕಲ್ಲಿಗೆ ಉಪ್ಪುನೀರು ಕುಡಿಸಿ ನೋಡಿದ ಫಲಿತಾಂಶ, ಇಷ್ಟನ್ನೇ ಹಿಡಿದು ಮುಗಿಸಿದಳು. ತಡವಾಯಿತು, ಆದರೆ ಆಯಿತು.

ಈಗ ಅವ್ವ ಅಪ್ಪ ಫುಲ್‌ಶೀರ್‌ನಲ್ಲಿದ್ದಾರೆ. ಹಳೆಯ ಕಲ್ಲುಗಳ ಕೆಲಸ ಅವ್ವನಿಗೆ ಎಲ್ಲೂ ಸಿಗಲಿಲ್ಲ. ಹ್ಯೂಸ್ಟನ್ ಸುತ್ತಿನ ಸೇತುವೆಗಳ ಕಾಂಕ್ರೀಟ್ ಪರೀಕ್ಷಿಸುತ್ತಾಳೆ. ಅಲೆಕ್ಸಾಂಡ್ರಿಯಾಕ್ಕೆ ಮತ್ತೆ ಹೋಗಲಿಲ್ಲ. ತಾಂತ್ ನಾದಿಯಾ ತೀರಿಕೊಂಡಳೆಂದು ಮರ್ವಾ ತಿಳಿಸಿದಳು. ದಂಡೆಯುದ್ದಕ್ಕೂ ಹೋಟೆಲು, ಕೆಫೆಗಳು ಎದ್ದು ಈಗ ಎಷ್ಟೋ ಕಡೆ ದುಡ್ಡು ಕೊಟ್ಟವರಿಗೆ ಮಾತ್ರ ಸಮುದ್ರ ಕಾಣುತ್ತದಂತೆ. ಅದನ್ನು ಕೇಳಿ ಬೇಜಾರಾಯಿತು. ಆದರೆ ನಾನು ಕಳೆದುಕೊಂಡದ್ದು ಅದಲ್ಲ.

ಕಳೆದ ಚಳಿಗಾಲ ಊರಿಗೆ ಹೊರಟಾಗ ಅವ್ವನೂ ನಮ್ಮ ಜೊತೆ ಬಂದಿದ್ದಳು. ವಿಮಾನದ ಹೊತ್ತಿಗಿಂತ ಅರ್ಧ ದಿನ ಮುಂಚೆ ಹೊರಡಿಸಿದ್ದಳು. ಇಸ್ತ್ರಿ ಮಾಡಿದ ಪ್ಯಾಂಟು, ಬಣ್ಣ ಕಾಣದ ಕೋಟು. ತಪಾಸಣೆಯ ಸಾಲಿನಲ್ಲಿ ನನ್ನ ಮಗಳು ಜೋಯಾ, ಐದು ವರ್ಷದವಳು, ಜೋರಾಗಿ, "ಅಜ್ಜಿ, ಆ ಅಂಕಲ್ ಯಾಕ ನಮ್ಮನ್ನ ನೋಡಾಕತ್ತಾನ?" ಅಂದಳು. ಅವ್ವ ಬಗ್ಗಿ ಅವಳ ಕೈ ಒತ್ತಿ, ಇಂಗ್ಲಿಷಿನಲ್ಲಿ, ಇಲ್ಲಿ ಇಂಗ್ಲಿಷಿನಲ್ಲಿ ಮಾತಾಡು ಕಂದಾ ಅಂದಳು. ಮೆಲ್ಲನೆ, ನಗುತ್ತಾ, ಸುತ್ತಲಿನವರಿಗೆ ಕೇಳುವಷ್ಟು.

ಆ ಬಾಯಿಂದ ಆ ಮಾತು ಬರುತ್ತದೆಂದು ನಾನು ಎಣಿಸಿರಲಿಲ್ಲ. ಯಾರೂ ಅವಳನ್ನು ಒಂದೇ ದಿನದಲ್ಲಿ ಮುರಿಯಲಿಲ್ಲ. ಆ ಕೋಣೆಯಲ್ಲಂತೂ ಅವಳು ಗೆದ್ದೇ ಹೊರಬಂದವಳು. ಆಮೇಲಿನ ಇಪ್ಪತ್ತು ವರ್ಷ ಪ್ರತಿ ಪ್ರಯಾಣಕ್ಕೂ ಯಾರೋ ಒಬ್ಬರು ವಿನಯದಿಂದ ಕೇಳಿದ ಒಂದೊಂದು ಪ್ರಶ್ನೆ, ಅವಳು ವಿನಯದಿಂದ ಕೊಟ್ಟ ಒಂದೊಂದು ಉತ್ತರ. ಅಷ್ಟಕ್ಕೇ ನನ್ನ ಅವ್ವನ ದನಿ ಇಷ್ಟು ತಗ್ಗಿತು. ನನಗೆ ಅದು ವಾಪಸ್ ಬೇಕು. ಅವಳಿಗೆ ಇಷ್ಟವಿರಲಿ ಬಿಡಲಿ, ಅದನ್ನು ನಾನು ಬಿಟ್ಟುಕೊಡುವವಳಲ್ಲ.

"ನಾವು ಚಂದ ಅದೀವಿ, ಅದಕ್ಕ ನೋಡಾಕತ್ತಾನ," ಅಂದೆ ಜೋಯಾಗೆ.

ಅವ್ವ ನನ್ನ ಕಡೆ ತಿರುಗಲಿಲ್ಲ. ಸಾಲು ಸರಿಯಿತು, ನಾವೂ ಸರಿದೆವು. ಜೋಯಾ ಇನ್ನೊಂದು ಪ್ರಶ್ನೆ ಕೇಳಿದಳು. ಅದಕ್ಕೂ ಕನ್ನಡದಲ್ಲೇ ಉತ್ತರ ಹೇಳಿದೆ, ಮೊದಲಿಗಿಂತ ಒಂದಿಷ್ಟು ಜೋರಾಗಿ.